ಐದು ಸಾಲಿನ ಜಾಗ

ನಮ್ಮ ಕಾಲೇಜಿನ ಹಾಸ್ಯ ಸಂಚಿಕೆಯಲ್ಲಿ ಬರೆದವರು ಯಾರೂ ತಮ್ಮ ಹೆಸರು ಹಾಕುತ್ತಿರಲಿಲ್ಲ. ಅದು ಬಹಳ ಧೈರ್ಯದ ಪದ್ಧತಿ ಎಂದು ನಾವೆಲ್ಲ ನಂಬಿದ್ದೆವು. ಬರೆದವರು ಯಾರೆಂದು ತಿಳಿಯದಿದ್ದರೆ ಯಾರನ್ನು ಬೇಕಾದರೂ ಗೇಲಿ ಮಾಡಬಹುದು, ದೊಡ್ಡವರೆಂದು ಹಿಂಜರಿಯಬೇಕಿಲ್ಲ ಎಂದು ಹಿಂದಿನವರು ನಮಗೆ ಹೇಳಿಕೊಟ್ಟಿದ್ದರು. ಶುದ್ಧ ಸುಳ್ಳು. ಆ ಸಂಚಿಕೆಗಾಗಿ ನಾನು ಕೈಯಾರೆ ದುಡಿದಿದ್ದೇನೆ, ಅದರ ಹಳೆಯ ಪ್ರತಿಗಳನ್ನೆಲ್ಲ ಕಪಾಟಿನಿಂದ ಇಳಿಸಿ ಧೂಳು ಕೊಡವಿ ಓದಿದ್ದೇನೆ. ಅವುಗಳಲ್ಲಿ ಕ್ಯಾಂಟೀನಿನವನ ತೂತುಬಿದ್ದ ಬನಿಯನ್ ಇತ್ತು, ಪಾಠ ಮಾಡುವಾಗ ಉಗ್ಗುತ್ತಿದ್ದ ಮೇಷ್ಟ್ರಿದ್ದರು, ಕಪ್ಪು ಹುಡುಗಿಯರು, ದಪ್ಪ ಹುಡುಗಿಯರು, ಕನ್ನಡಕದ ಹುಡುಗಿಯರು ಸಾಲುಸಾಲಾಗಿ ಇದ್ದರು. ಕಾಲೇಜು ನಡೆಸುತ್ತಿದ್ದ ಟ್ರಸ್ಟಿಗಳು ಮಾತ್ರ ಒಬ್ಬರೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ನಗೆ ಬರಿಸುವಂಥ ಕೆಲಸ ಒಂದನ್ನೂ ಮಾಡಿರಲಿಲ್ಲವೇನೋ!

ಈಗ ಇದೆಲ್ಲ ಯಾಕೆ ನೆನಪಾಯಿತೆಂದರೆ, ಆಗ ಸಂಪಾದಕನಾಗಿದ್ದವನು ಮೊನ್ನೆ ಫೋನ್ ಮಾಡಿದ್ದ. ಹಳೆಯ ಸಂಚಿಕೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಾರಂತೆ, ನಾನೊಂದು ಸವಿನೆನಪು ಬರೆದುಕೊಡಬೇಕಂತೆ. ಆ ಕಾಲದ ಹಾಸ್ಯವೇ ಬೇರೆ, ಯಾರ ಮನಸ್ಸನ್ನೂ ನೋಯಿಸದ ಹಾಸ್ಯ ಎಂದ. ನನಗೆ ಮೈ ಉರಿದುಹೋಯಿತು. ಸವಿಯಾದದ್ದನ್ನು ಬೇರೆ ಯಾರಾದರೂ ಬರೆಯಲಿ. ನನ್ನಲ್ಲಿರುವುದು ಇದೊಂದೇ.

ಕಾಲೇಜು ಕಲ್ಯಾಣದಲ್ಲಿತ್ತು, ನಮ್ಮ ಮನೆ ಡೊಂಬಿವಲಿಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಶಹಾಡ್ ಕಡೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಅಪ್ಪನೂ ನಾನೂ ಒಂದೇ ಗಾಡಿ ಹಿಡಿಯುತ್ತಿದ್ದೆವು, ಅವರು ಜನರಲ್ ಡಬ್ಬಿಯಲ್ಲಿ, ನಾನು ಲೇಡೀಸ್‌ನಲ್ಲಿ. ವಿಜಾಪುರ ಜಿಲ್ಲೆಯಿಂದ ಬಂದ ನಮ್ಮಂಥವರ ಮನೆಯ ಹುಡುಗಿ ಬಿ.ಕಾಂ. ಓದುವುದು ಆಗ ಸಣ್ಣ ಮಾತಾಗಿರಲಿಲ್ಲ. ಅಪ್ಪ ನನ್ನನ್ನು ಕಳಿಸುತ್ತಿದ್ದದ್ದು ಒಂದೇ ಕರಾರಿನ ಮೇಲೆ. ಕಾಲೇಜಿನಿಂದ ನನ್ನ ಬಗ್ಗೆ ಒಂದು ದೂರು ಬಂದರೂ ಮರುದಿನದಿಂದ ಓದು ಬಂದ್.

ಮುಂಬಯಿ ಸೀಮೆಯ ಕಾಲೇಜುಗಳಲ್ಲಿ ಫಿಶ್‌ಪಾಂಡ್ ಎಂಬ ಒಂದು ಪದ್ಧತಿ ಇದೆ. ಮೀನಿಗೂ ಕೊಳಕ್ಕೂ ಅದಕ್ಕೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿಯದು. ಕ್ಯಾಂಟೀನಿನ ಬಾಗಿಲ ಬಳಿ ಒಂದು ತಗಡಿನ ಡಬ್ಬ ಇಡುತ್ತಾರೆ. ಯಾರು ಬೇಕಾದರೂ ಯಾರ ಮೇಲಾದರೂ ಎರಡು ಸಾಲು ಚುಚ್ಚುಮಾತು ಬರೆದು, ಹೆಸರು ಹಾಕದೆ ಅದರೊಳಗೆ ಇಳಿಬಿಡಬಹುದು. ನಮ್ಮಲ್ಲಿ ಅವುಗಳಿಂದ ಆರಿಸಿದ್ದನ್ನೂ ಸಂಪಾದಕ ಮಂಡಳಿಯವರೇ ಬರೆದದ್ದನ್ನೂ ಸೇರಿಸಿ ವರ್ಷಕ್ಕೊಮ್ಮೆ ಮರಾಠಿಯಲ್ಲಿ ಹಾಸ್ಯ ಸಂಚಿಕೆ ಅಚ್ಚು ಹಾಕುತ್ತಿದ್ದರು. ಜನವರಿಯಲ್ಲಿ ಗ್ಯಾದರಿಂಗ್ ದಿನ, ಎಂದರೆ ವಾರ್ಷಿಕೋತ್ಸವದಲ್ಲಿ, ಅದರ ಬಿಡುಗಡೆ. ಅವತ್ತು ವೇದಿಕೆಯ ಮೇಲೆ ಒಂದೊಂದನ್ನೇ ಓದುತ್ತಿದ್ದರು. ಯಾರ ಮೇಲೆ ಬರೆದಿದೆಯೋ ಅವರು ಎದ್ದು ನಿಂತು ನಗುನಗುತ್ತಾ ತಲೆ ಬಾಗಿಸಬೇಕು. ಅದು ನಿಯಮ. ನಗದೆ ಕೂತವರಿಗೆ ಅಳುಮುಂಜಿ ಎಂದು ಹೆಸರಿಟ್ಟು ಮರುವರ್ಷ ಇನ್ನಷ್ಟು ಬರೆಯುತ್ತಿದ್ದರು.

ಮೊದಲ ವರ್ಷ ನನ್ನ ಮೇಲೂ ಒಂದು ಬಂತು. ನನ್ನ ಜಡೆಯ ಎಣ್ಣೆ ಹಿಂಡಿದರೆ ಇಡೀ ಕಲ್ಯಾಣಕ್ಕೆ ಬಟಾಟೆವಡೆ ಕರಿಯಬಹುದು ಎಂದು, ಮದ್ರಾಸಿ ಎಂಬ ಬಿರುದಿನ ಸಮೇತ. ಮದ್ರಾಸನ್ನು ನಾನು ಭೂಪಟದಲ್ಲಷ್ಟೇ ಕಂಡಿದ್ದೆ. ಆದರೂ ಎದ್ದು ನಿಂತೆ, ನಕ್ಕೆ, ತಲೆ ಬಾಗಿಸಿದೆ. ಮನೆಗೆ ಹೋಗಿ ಬಚ್ಚಲಲ್ಲಿ ಸೀಗೆಕಾಯಿ ಹಾಕಿ ತಲೆ ತಿಕ್ಕಿದೆ, ಕಣ್ಣಲ್ಲಿ ನೀರು ಬರುವಷ್ಟು ತಿಕ್ಕಿದೆ. ಮರುವಾರ ಡಬ್ಬಕ್ಕೆ ನಾನೇ ನಾಲ್ಕು ಚೀಟಿ ಹಾಕಿದೆ. ಅವುಗಳ ರುಚಿ ಹತ್ತಿದ ಮಂಡಳಿಯ ಹುಡುಗರು ಕೈಬರಹದ ಜಾಡು ಹಿಡಿದು ಹುಡುಕಿಕೊಂಡು ಬಂದು ನನ್ನನ್ನು ಸಂಪಾದಕ ಮಂಡಳಿಗೆ ಸೇರಿಸಿಕೊಂಡರು. ಆರು ಹುಡುಗರ ನಡುವೆ ಒಬ್ಬಳೇ ಹುಡುಗಿ. ನನಗೆ ನೆಲ ಕಾಣುತ್ತಿರಲಿಲ್ಲ.

ಇನ್ನು ನಮ್ಮ ಕಾಲೇಜಿನ ಸಿಪಾಯಿಯ ಮಾತು. ಖಾಕಿ ಬಟ್ಟೆ, ಖಾಕಿ ಟೊಪ್ಪಿಗೆ ಹಾಕಿಕೊಂಡು ಗಂಟೆ ಬಾರಿಸುವುದು, ನೋಟಿಸ್ ಬುಕ್ ಹಿಡಿದು ತರಗತಿಯಿಂದ ತರಗತಿಗೆ ಓಡಾಡುವುದು, ಕುರ್ಚಿ ಹೊರುವುದು ಅವನ ಕೆಲಸ. ಮೂವತ್ತೈದರ ಆಸುಪಾಸಿನ ಮನುಷ್ಯ, ನಮ್ಮ ಸೀಮೆಯವನೇ. ಹೆಂಡತಿ, ಎರಡು ಮಕ್ಕಳೊಡನೆ ಶಹಾಡ್ ಸ್ಟೇಷನ್ನಿನ ಆಚೆ ಒಂದು ಖೋಲಿಯಲ್ಲಿದ್ದ. ಶಹಾಡ್ ಸ್ಟೇಷನ್ನಿನಲ್ಲಿ ಅಪ್ಪನಿಗೆ ಪರಿಚಯವಾಗಿ, ಆಗಾಗ ಭಾನುವಾರ ನಮ್ಮ ಮನೆಗೆ ಬರುತ್ತಿದ್ದ. ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದೆ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಊರಿನಿಂದ ಬಂದ ಪತ್ರಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಅವ್ವ ಕೊಟ್ಟ ಚಹಾ ಕುಡಿದು, ಬಾಗಿಲ ಪಕ್ಕ ಕೂತು, “ತಂಗೀ, ಏನ್ ಬರದಾರ ನೋಡವಾ” ಎನ್ನುತ್ತಿದ್ದ. ನಾನು ಕಾಕಾ ಎನ್ನುತ್ತಿದ್ದೆ.

ಮೊದಲ ಪತ್ರ ಓದುವಾಗಲೇ ನನಗೆ ಗೊಂದಲವಾಯಿತು. ಚಿರಂಜೀವಿ ಎಂದು ಬರೆದು ಮುಂದೆ ಇದ್ದ ಹೆಸರು ಬೇರೆ. ಕಾಲೇಜಿನಲ್ಲಿ ಎಲ್ಲರೂ ಅವನನ್ನು ಕೂಗುತ್ತಿದ್ದ ಹೆಸರು ಪತ್ರದ ಕೊನೆಯಲ್ಲಿ, ಬರೆಸಿದವರ ಜಾಗದಲ್ಲಿತ್ತು.

“ಕಾಕಾ, ಇದು ಉಲ್ಟಾ ಆಗೇದಲ್ಲ?” ಎಂದೆ.

ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. “ಉಲ್ಟಾ ಅಲ್ಲವಾ. ಕಾಲೇಜನ್ಯಾಗ ಇರೂದು ನಮ್ಮಣ್ಣನ ಹೆಸರು. ನೌಕರಿ ಹತ್ತಿದ್ದು ಅವಗ. ಎರಡ ತಿಂಗಳ ಮಾಡಿದಾ. ಲೋಕಲ್ ಗಾಡಿ ಗರ್ದಿ ಕಂಡ್ರ ಅವಗ ಜೀವ ಹೋದಂಗ ಆಗೂದು. ಒಂದಿನ ಹೇಳದಂಗ ಊರಿಗೆ ಓಡಿ ಬಂದಬಿಟ್ಟಾ. ಬಂದ ನೌಕರಿ ಯಾಕ ಬಿಡೂದಂತ ಮನ್ಯಾಗಿನವರು ನನ್ನ ಕಳಿಸಿದ್ರು. ಆಗಿನ ಹೆಡ್‌ಕ್ಲಾರ್ಕ್ ಸಾಹೇಬ್ರಿಗೆ ಗೊತ್ತಿತ್ತು. ಕೆಲಸಾ ಚೊಲೋ ಮಾಡ್ತಾನಂತ ಸುಮ್ಮಕಾದ್ರು. ಈಗ ಅವರೂ ರಿಟಾಯರ್ ಆಗ್ಯಾರ.”

ಎಂಟು ವರ್ಷಗಳಿಂದ ಅವನು ಅಣ್ಣನ ಹೆಸರಿನಲ್ಲಿ ಹಾಜರಿ ಹಾಕುತ್ತಿದ್ದ. ಅಣ್ಣನ ಹೆಸರನ್ನು ಮರಾಠಿಯಲ್ಲಿ ಗೀಚುವುದೊಂದನ್ನು ಕಲಿತಿದ್ದ. ಆ ಹೆಸರಿಗೆ ಹೊರಳಿ ನೋಡುವುದು ಮಾತ್ರ ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ. ಕೆಲಸದಲ್ಲಿ ಮುಳುಗಿದ್ದಾಗ ಯಾರಾದರೂ ಕೂಗಿದರೆ ಅದು ತನ್ನನ್ನೇ ಎಂದು ಹೊಳೆಯುತ್ತಲೇ ಇರಲಿಲ್ಲವಂತೆ.

“ಒಂದನೇದ್ದು ಕೇಳತೈತಿ, ನಮ್ಮಣ್ಣನ್ನ ಕರ್ಯಾಕತ್ತಾರ ಅನಸತೈತಿ. ಎರಡನೇದಕ್ಕ ಅವಾ ಎಲ್ಲಿ ಅದಾನೋ ಅನಸತೈತಿ. ಮೂರನೇದಕ್ಕ ಎಚ್ಚರಾಗಿ ಓಡತೇನಿ ನೋಡು” ಎಂದು ತಾನೇ ನಕ್ಕ. ನಕ್ಕು ಮುಗಿಸಿ, ಕೈ ಮುಗಿದು, “ಯಾರ ಮುಂದೂ ಬಾಯಿ ಬಿಡಬ್ಯಾಡ ತಂಗೀ. ನಿಮ್ಮಪ್ಪನ ಮುಂದೂ ಅನಬ್ಯಾಡ. ಗೊತ್ತಾತಂದ್ರ ನನ್ನ ನೌಕರಿ ಹೋತು” ಎಂದ. ನನಗಿಂತ ಹದಿನೈದು ವರ್ಷ ದೊಡ್ಡವನು ನನಗೆ ಕೈ ಮುಗಿದದ್ದು ಕಂಡು ನನಗೆ ಕಸಿವಿಸಿಯಾಯಿತು. ಆಣೆ ಮಾಡಿ ಒಪ್ಪಿಕೊಂಡೆ.

ಎರಡನೆಯ ವರ್ಷದ ಸಂಚಿಕೆಗೆ ನಾನು ಬರೆದ ಅತ್ಯುತ್ತಮವಾದದ್ದು ವಾಚನಾಲಯದ ಮೇಲಿನದು. ಟ್ರಸ್ಟಿಯೊಬ್ಬರು ತಮ್ಮ ತಂದೆಯ ನೆನಪಿಗಾಗಿ ಕಾಲೇಜಿನಲ್ಲಿ ವಾಚನಾಲಯ ಕಟ್ಟಿಸಿದ್ದರು. ಬಾಗಿಲ ಪಕ್ಕ ಅಮೃತಶಿಲೆಯ ಫಲಕ, ಬಾಗಿಲಿಗೆ ದಪ್ಪ ಬೀಗ. ಉದ್ಘಾಟನೆಯ ದಿನ ತೆರೆದದ್ದು, ಆಮೇಲೆ ಕುರ್ಚಿ ಮಾಸುತ್ತವೆಂದು ಮುಚ್ಚಿದ್ದು ಮುಚ್ಚಿದ್ದೇ. ನಾವು ಮೆಟ್ಟಿಲುಗಳ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದೆವು. ನಾನು ಬರೆದದ್ದು ಇಷ್ಟು: ನಮ್ಮ ವಾಚನಾಲಯದಲ್ಲಿ ಓದಲು ಸಿಗುವುದು ಒಂದೇ ಒಂದು, ಅದು ಹೊರಗಿನ ಫಲಕ. ಎಲ್ಲರೂ ಅದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ಪರೀಕ್ಷೆಗೆ ಬೇರೇನೂ ಬರುವುದಿಲ್ಲ. ಮಂಡಳಿಯ ಹುಡುಗರು ಇದನ್ನು ಓದಿ ಬೆಂಚು ಬಡಿದು ನಕ್ಕರು. ಸಂಪಾದಕ ಇದನ್ನೇ ಮೊದಲ ಪುಟಕ್ಕೆ ಹಾಕಿದ.

ಸಂಚಿಕೆ ಅಚ್ಚಾಗುತ್ತಿದ್ದದ್ದು ಕಲ್ಯಾಣ ಸ್ಟೇಷನ್ ಹಿಂದಿನ ಓಣಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಕಂಪ್ಯೂಟರು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ಒಬ್ಬ ಮುದುಕರು ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುತ್ತಿದ್ದರು. ಕಟ್ಟಿದ ಪುಟವನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದರೆ ಮುಗಿಯಿತು, ಒಂದು ಸಾಲು ತೆಗೆದರೆ ಅಷ್ಟೇ ಉದ್ದದ ಇನ್ನೊಂದು ಸಾಲು ಅಲ್ಲಿ ಕೂರಿಸಲೇಬೇಕು. ಕೊನೆಯ ಪ್ರೂಫನ್ನು ನಮ್ಮ ಸಲಹೆಗಾರ ಪ್ರಾಧ್ಯಾಪಕರು ನೋಡುತ್ತಿದ್ದರು. ಅವರು ತರಗತಿಯಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ಎರಡು ಪೀರಿಯಡ್ ಮಾತಾಡಬಲ್ಲವರು. ಆ ಸಲ, ಸಂಪಾದಕನೂ ನಾನೂ ಅಲ್ಲಿದ್ದ ಮಧ್ಯಾಹ್ನ, ಪ್ರೆಸ್ಸಿಗೇ ಬಂದು, ಮೊದಲ ಪುಟ ನೋಡಿ, ವಾಚನಾಲಯದ ಐದು ಸಾಲಿನ ಮೇಲೆ ಕೆಂಪು ಗೆರೆ ಎಳೆದರು.

“ಹೇ ನಕೋ. ಕಾಹೀತರೀ ನಿರುಪದ್ರವಿ ಲಿಹಾ” ಎಂದರು. ಇದು ಬೇಡ, ನಿರುಪದ್ರವಿಯಾದದ್ದು ಏನಾದರೂ ಬರೆಯಿರಿ. ಆ ಟ್ರಸ್ಟಿಯೇ ಈ ಸಲದ ಮುಖ್ಯ ಅತಿಥಿಗಳಂತೆ. ಅಷ್ಟು ಹೇಳಿ ಚಹಾ ಕುಡಿದು ಹೊರಟರು.

ಮುದುಕರು ಆ ಐದು ಸಾಲು ಕಳಚಿ, ಖಾಲಿಯಾದ ಜಾಗವನ್ನು ಬೆರಳಿನಿಂದ ತೋರಿಸಿ, ಐದು ಸಾಲು ಕೊಡಿ, ಸಂಜೆಯೊಳಗೆ ಮೆಶೀನಿಗೆ ಹಾಕಬೇಕು ಎಂದರು. ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಅದನ್ನು ಖಾಲಿಯೇ ಬಿಡೋಣ, ಅಲ್ಲಿ ಏನಿತ್ತೆಂದು ಜನ ಕೇಳಲಿ ಎಂದೆ. ಸಂಪಾದಕ ನನ್ನನ್ನು ಮಗುವಿನ ಹಾಗೆ ನೋಡಿ ನಕ್ಕ. “ಶಿಪಾಯೀ ಪೇ ಕುಛ್ ಮಾರ್ ದೇ ನಾ. ವೋ ಥೋಡೇ ಹೀ ಬುರಾ ಮಾನೇಗಾ” ಎಂದ. ಸಿಪಾಯಿಯ ಮೇಲೆ ಏನಾದರೂ ಗೀಚು, ಅವನೇನು ಬೇಜಾರು ಮಾಡಿಕೊಳ್ಳುತ್ತಾನೆಯೇ ಎಂದು.

ನಾನು ಇಲ್ಲ ಎನ್ನಬಹುದಿತ್ತು. ಬರೆಯಲು ಬೇರೆ ಸಾವಿರ ಸಂಗತಿಗಳಿದ್ದವು. ಆದರೆ ನನ್ನ ಒಳ್ಳೆಯ ಜೋಕು ಕಳೆದುಹೋಗಿತ್ತು, ಅದಕ್ಕಿಂತ ಒಳ್ಳೆಯದನ್ನು ಕೂತಲ್ಲೇ ಬರೆಯಬಲ್ಲೆ ಎಂದು ಆ ಹುಡುಗರಿಗೆ ತೋರಿಸಬೇಕಿತ್ತು. ಸಿಪಾಯಿ ಕರೆದರೆ ತಿರುಗುವುದಿಲ್ಲವೆಂಬುದು ಕಾಲೇಜಿಗೆಲ್ಲ ಗೊತ್ತಿದ್ದ ವಿಷಯ. ಕಾರಣ ಹೇಳದಿದ್ದರಾಯಿತು, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದುಕೊಂಡೆ. ಹತ್ತೊಂಬತ್ತು ವರ್ಷದ ಬುದ್ಧಿ! ಪ್ರೆಸ್ಸಿನ ಕಟ್ಟೆಯ ಮೇಲೆ ಕೂತು ಬರೆದೆ: ನಮ್ಮ ಸಿಪಾಯಿಯನ್ನು ಹೆಸರು ಹಿಡಿದು ಒಮ್ಮೆ ಕೂಗಿದರೆ ಗೋಡೆ ತಿರುಗಿ ನೋಡುತ್ತದೆ. ಎರಡನೆಯ ಸಲ ಕೂಗಿದರೆ ಪ್ರಿನ್ಸಿಪಾಲರು ತಿರುಗಿ ನೋಡುತ್ತಾರೆ. ಮೂರನೆಯ ಸಲ ಕೂಗಿದರೆ ಸಿಪಾಯಿ ತಿರುಗಿ, ಯಾರನ್ನು ಕರೆದಿರಿ ಎಂದು ಕೇಳುತ್ತಾನೆ.

ಮರಾಠಿಯಲ್ಲಿ ಸರಿಯಾಗಿ ಐದು ಸಾಲು ಬಂತು. ಮೊಳೆ ಜೋಡಿಸುತ್ತಲೇ ಮುದುಕರು ನಕ್ಕರು. ಸಂಪಾದಕ ನನ್ನ ಬೆನ್ನು ತಟ್ಟಿದ. ಗಾಡಿಯಲ್ಲಿ ಡೊಂಬಿವಲಿಗೆ ಬರುವಾಗ ನನಗೆ ವಾಚನಾಲಯದ ನೆನಪೇ ಇರಲಿಲ್ಲ.

ಗ್ಯಾದರಿಂಗ್ ದಿನ ಮೈದಾನದಲ್ಲಿ ಪೆಂಡಾಲ್ ಹಾಕಿದ್ದರು. ವಾಚನಾಲಯದ ಟ್ರಸ್ಟಿಗಳು ರೇಷ್ಮೆ ಜುಬ್ಬಾ ತೊಟ್ಟು ವೇದಿಕೆಯ ಮಧ್ಯದಲ್ಲಿ, ಪ್ರಿನ್ಸಿಪಾಲರು ಅವರ ಪಕ್ಕದಲ್ಲಿ. ಸಂಪಾದಕ ಮೈಕ್ ಹಿಡಿದು ಒಂದೊಂದಾಗಿ ಓದುತ್ತಿದ್ದ, ಒಬ್ಬೊಬ್ಬರೇ ಎದ್ದು ನಕ್ಕು ಕೂರುತ್ತಿದ್ದರು. ಸಿಪಾಯಿಯ ಸರದಿ ಬಂದಾಗ ಅವನು ಹಿಂದಿನ ಸಾಲಿಗೆ ಕುರ್ಚಿ ಸಾಗಿಸುತ್ತಿದ್ದ. ಎರಡು ಹೆಗಲ ಮೇಲೂ ಮಡಚುವ ಕುರ್ಚಿಗಳು, ನಮ್ಮ ಕಡೆ ಬೆನ್ನು. ಸಂಪಾದಕ ಓದುವ ಮೊದಲು ಮೈಕಿನಲ್ಲಿ ಅವನ ಹೆಸರು ಕೂಗಿದ. ಅವನು ನಡೆಯುತ್ತಲೇ ಇದ್ದ. ಸಂಚಿಕೆ ಕೈಯಲ್ಲಿ ಹಿಡಿದಿದ್ದವರು ಕಿಸಕ್ಕನೆ ನಕ್ಕರು. ಎರಡನೆಯ ಸಲ ಕೂಗಿದ. ಅವನು ಕುರ್ಚಿ ಇಳಿಸುವ ಜಾಗ ಹುಡುಕುತ್ತಿದ್ದ. ಪೆಂಡಾಲ್ ಪೂರ್ತಿ ಉಸಿರು ಬಿಗಿಹಿಡಿದು ಕಾಯಿತು. ಮೂರನೆಯ ಸಲ ಕೂಗಿದಾಗ ಬೆಚ್ಚಿಬಿದ್ದು ತಿರುಗಿ, ಹೆಗಲ ಮೇಲಿನ ಕುರ್ಚಿಗಳ ಸಮೇತ, “ಮಲಾ?” ಎಂದ. ನನ್ನನ್ನೇ?

ಆ ನಗು ಎಂಥದ್ದೆಂದರೆ ಸ್ಟೇಷನ್ನಿನವರೆಗೂ ಕೇಳಿಸಿರಬೇಕು. ಸಂಪಾದಕ ಐದು ಸಾಲು ಓದಿದ, ಮತ್ತೆ ನಗು. ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡರು, ಟ್ರಸ್ಟಿಗಳ ಹೊಟ್ಟೆ ಕುಣಿಯಿತು. ಸಿಪಾಯಿ ಆ ಗದ್ದಲದಲ್ಲಿ ಏನೂ ಅರ್ಥವಾಗದೆ, ಉಳಿದವರು ಮಾಡಿದ್ದನ್ನು ನೋಡಿದ್ದನಲ್ಲ, ತಾನೂ ನಗುತ್ತಾ ತಲೆ ಬಾಗಿಸಿದ. ಬಾಗಿದಾಗ ಒಂದು ಕುರ್ಚಿ ಜಾರಿ ಬಿತ್ತು, ಅದಕ್ಕೂ ನಕ್ಕರು. ನಾನೂ ನಗುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಇದೊಂದನ್ನು ಮುಚ್ಚಿಟ್ಟು ಉಳಿದವರನ್ನು ಬೈಯುವ ಹಕ್ಕು ನನಗಿಲ್ಲ.

ಬರೀ ನಗುವಾಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕೆಡಿಸಿದ್ದು ಟ್ರಸ್ಟಿಗಳ ಕರುಣೆ. ಭಾಷಣಕ್ಕೆ ನಿಂತವರು ಸಿಪಾಯಿಯ ಕಡೆ ಕೈ ತೋರಿಸಿ, ಪಾಪ, ಈ ಬಡವನ ಕಿವಿ ಮಂದವಿರಬೇಕು, ನಗುವುದು ಸರಿ, ಆದರೆ ಇವನಿಗೆ ಚಿಕಿತ್ಸೆ ಮಾಡಿಸುವುದು ಸಂಸ್ಥೆಯ ಧರ್ಮ ಎಂದರು. ಭರ್ಜರಿ ಚಪ್ಪಾಳೆ. ತಮ್ಮ ಅಪ್ಪನ ಹೆಸರಿನ ಬಾಗಿಲನ್ನು ವಿದ್ಯಾರ್ಥಿಗಳಿಗೆ ತೆರೆಯಲಾರದ ಮನುಷ್ಯ ಸಿಪಾಯಿಯ ಕಿವಿ ತೆರೆಸಲು ಹೊರಟಿದ್ದ.

ಆಸ್ಪತ್ರೆಗೆ ಕಳಿಸಬೇಕೆಂದರೆ ಒಂದು ಫಾರ್ಮ್ ತುಂಬಬೇಕು. ಅದಕ್ಕೆ ವಯಸ್ಸು ಬೇಕು, ಮೈಮೇಲಿನ ಗುರುತು ಬೇಕು. ಹೊಸ ಹೆಡ್‌ಕ್ಲಾರ್ಕ್ ಹಳೆಯ ಫೈಲು ತೆಗೆಸಿದರು. ಹುಟ್ಟಿದ ವರ್ಷದ ಲೆಕ್ಕಕ್ಕೆ ವಯಸ್ಸು ನಲವತ್ತಾರು, ಬಲಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಮಚ್ಚೆ ಎಂದು ಅದರಲ್ಲಿತ್ತು. ಎದುರಿಗೆ ನಿಂತವನ ಎರಡು ಕೆನ್ನೆಯೂ ನುಣ್ಣಗಿದ್ದವು. ಅವನು ಸುಳ್ಳು ಹೇಳಲೂ ಇಲ್ಲವಂತೆ. ಕೇಳಿದ್ದೇ ತಡ, ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟನಂತೆ.

ಇದನ್ನು ನಾನು ಕ್ಯಾಂಟೀನಿನಲ್ಲಿ ಕೇಳಿದೆ. ಅಲ್ಲಿ ಆಗಲೇ ಇದು ಇನ್ನೊಂದು ತಮಾಷೆಯಾಗಿ ಹರಡಿತ್ತು. ನಾನು ಮಂಡಳಿಯ ಹುಡುಗರನ್ನು ಕೂಡಿಸಿ, ನನಗೆ ಮೊದಲೇ ಗೊತ್ತಿತ್ತು, ನಾನು ಬರೆಯಬಾರದಿತ್ತು, ಎಲ್ಲರೂ ಸಹಿ ಹಾಕಿ ಒಂದು ಅರ್ಜಿ ಕೊಡೋಣ, ಎಂಟು ವರ್ಷ ಚೆನ್ನಾಗಿ ಕೆಲಸ ಮಾಡಿದ್ದಾನೆಂದು ಬರೆಯೋಣ ಎಂದೆ. “ಅರೇ ಯಾರ್, ಮಜಾಕ್ ಥಾ” ಎಂದ ಒಬ್ಬ, ಬರೀ ತಮಾಷೆಯಲ್ಲವೇ ಎಂದು. ಮೋಸ ಮೋಸವೇ, ನಾವು ಅದರ ಪರ ನಿಲ್ಲಬಾರದು ಎಂದ ಇನ್ನೊಬ್ಬ. ಈ ಮಾತು ಹೇಳಿದವನು ವಾರಕ್ಕೆ ಮೂರು ದಿನ ಕ್ಲಾಸಿಗೆ ಬರುತ್ತಿರಲಿಲ್ಲ. ಅವನ ನಂಬರಿಗೆ ಪಕ್ಕದವನು ದನಿ ಬದಲಿಸಿ ‘ಪ್ರೆಸೆಂಟ್ ಸರ್’ ಎನ್ನುತ್ತಿದ್ದ. ನಮ್ಮ ಕಾಲೇಜಿನಲ್ಲಿ ಇನ್ನೊಬ್ಬರ ಹೆಸರಿಗೆ ಹಾಜರಿ ಕೊಡದ ವಿದ್ಯಾರ್ಥಿಯೇ ಇರಲಿಲ್ಲ. ಅದಕ್ಕೆ ಪ್ರಾಕ್ಸಿ ಎಂಬ ಚಂದದ ಹೆಸರಿತ್ತು, ಅದೇ ಸಂಚಿಕೆಯಲ್ಲಿ ಪ್ರಾಕ್ಸಿಯ ಮೇಲೆ ಇಡೀ ಒಂದು ಪುಟ ಜೋಕುಗಳಿದ್ದವು. ನಾವು ಬಾರದೆ ಹಾಜರಿ ಹಾಕಿಸಿದರೆ ತಮಾಷೆ. ಅವನು ದಿನಾ ಬಂದು, ಬೆವರು ಸುರಿಸಿ, ಅಣ್ಣನ ಹೆಸರು ಗೀಚಿದರೆ ಮೋಸ.

ಸಂಪಾದಕ ಮಾತ್ರ ಬಹಳ ಹೊತ್ತು ಯೋಚಿಸಿದ. ಅವನಿಗಾದರೂ ನೋವಾಗಿದೆ ಎಂದುಕೊಂಡೆ. ಕೊನೆಗೆ ತಲೆಯೆತ್ತಿ, “ಪೆಹಲೇ ಬೋಲ್‌ತೀ ನಾ. ಕ್ಯಾ ಐಟಮ್ ಬನ್‌ತಾ!” ಎಂದ. ಮೊದಲೇ ಹೇಳಿದ್ದರೆ ಎಂಥ ಐಟಮ್ ಆಗುತ್ತಿತ್ತು ಎಂಬ ಹಳಹಳಿ ಅವನದು. ಇವನೇ ಈಗ ಫೋನ್ ಮಾಡಿ ಯಾರ ಮನಸ್ಸನ್ನೂ ನೋಯಿಸದ ಹಾಸ್ಯದ ಬಗ್ಗೆ ಮಾತಾಡುವುದು.

ಸಲಹೆಗಾರ ಪ್ರಾಧ್ಯಾಪಕರ ಬಳಿ ಹೋದೆ. ಇದು ಆಡಳಿತದ ವಿಷಯ, ನಾವು ತಲೆಹಾಕಬಾರದು ಎಂದರು. ಕೊನೆಗೆ ಒಬ್ಬಳೇ ಪ್ರಿನ್ಸಿಪಾಲರ ಕೋಣೆಯ ಹೊರಗೆ ಕೂತೆ. ಅವನು ಕಿವುಡನಲ್ಲ, ಕಳ್ಳನೂ ಅಲ್ಲ, ಆ ಜೋಕನ್ನು ಬರೆಯದಿದ್ದರೆ ಹೀಗಾಗುತ್ತಿರಲಿಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ ಎಂದು ಹೇಗೋ ಹೇಳಿ ಮುಗಿಸಿದೆ.

ಪ್ರಿನ್ಸಿಪಾಲರು ಕೋಪ ಮಾಡಿಕೊಳ್ಳಲಿಲ್ಲ. ನಕ್ಕರು. ಪೊಲೀಸರಿಗೆ ಕೊಡದೆ ಬಿಟ್ಟದ್ದೇ ಸಂಸ್ಥೆಯ ದೊಡ್ಡತನ ಎಂದರು. ನಿಮ್ಮ ಸಂಚಿಕೆಯಿಂದ ಮೊದಲ ಸಲ ಸಂಸ್ಥೆಗೆ ಏನೋ ಉಪಯೋಗವಾಯಿತು ನೋಡು ಎಂದರು. ಆಮೇಲೆ ಪೆನ್ನಿನ ಟೋಪಿ ತೆಗೆಯುತ್ತಾ, ಅಂದಹಾಗೆ ಅದನ್ನು ಬರೆದದ್ದು ಯಾರು ಎಂದು ಕೇಳಿದರು.

ಅವರು ಮೆಚ್ಚಲು ಕೇಳಿದರೋ, ಬರೆದುಕೊಳ್ಳಲು ಕೇಳಿದರೋ ನನಗೆ ಗೊತ್ತಾಗಲಿಲ್ಲ. ನನಗೆ ಕಂಡದ್ದು ಆ ಪೆನ್ನು, ಮನೆಗೆ ಹೋಗುವ ಪತ್ರ, ಅಪ್ಪನ ಮುಖ. “ಸಂಪಾದಕ ಮಂಡಳಿ, ಸರ್” ಎಂದೆ. ಅವರು ಪೆನ್ನು ಮುಚ್ಚಿದರು. ಹೆಸರು ಹಾಕದ ಆ ಪದ್ಧತಿ ಯಾರ ಧೈರ್ಯಕ್ಕಾಗಿ ಇತ್ತೆಂದು ಅವತ್ತು ನನಗೆ ಚೆನ್ನಾಗಿ ತಿಳಿಯಿತು.

ಸಿಪಾಯಿಯನ್ನು ತೆಗೆದುಹಾಕಿದರು. ಖಾಕಿ ಬಟ್ಟೆ ಒಗೆದು ಮಡಚಿ ವಾಪಸು ಕೊಡಬೇಕಿತ್ತಂತೆ, ಕೊಡಲು ಬಂದ ದಿನ ನಾನು ಅವನನ್ನು ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಹಿಡಿದೆ. ಚೌಕಡಿಯ ಅಂಗಿಯಲ್ಲಿ ಬೇರೆಯೇ ಮನುಷ್ಯನಂತೆ ಕಾಣುತ್ತಿದ್ದ. ಬಗಲಲ್ಲಿ ಒಂದು ಖಾಲಿ ಚೀಲ. ನನ್ನನ್ನು ಕಂಡು ನಿಂತ. ನಾನು ಬಾಯಿ ತೆರೆಯುವ ಮೊದಲೇ ಅವನೇ ಮಾತು ತೆಗೆದ.

“ನೀ ಬರದದ್ದು ನನಗ ಗೊತ್ತೈತಿ ತಂಗೀ. ಕ್ಯಾಂಟೀನಿನವಾ ಅದನ್ನ ಓದಿ ತಿಳಿಸಿ ಹೇಳಿದಾ. ಮೂರನೇದಕ್ಕ ಎಚ್ಚರಾಗತೈತಿ ಅಂತ ನಾ ನಿನ್ನ ಮುಂದಷ್ಟ ಅಂದಿದ್ದೆ.”

“ಕಾಕಾ, ನಂದ ತಪ್ಪು…” ಎಂದೆ.

“ನಗಸಬೇಕಂತ ಬರದಿ, ಕೆಡಸಬೇಕಂತ ಬರದಿಲ್ಲ. ಇರ್ಲಿ ಬಿಡು. ಭಿವಂಡಿ ಗೋದಾಮಿನ್ಯಾಗ ಹಮಾಲಿ ಸಿಕ್ಕೈತಿ. ಅಲ್ಲೆ ನಂದ ಹೆಸರ ಬರಸೇನಿ.” ಇಷ್ಟು ಹೇಳಿ, ಜನರಿಂದ ತಪ್ಪಿಸಿ ನನ್ನನ್ನು ಕಟಕಟೆಯ ಬದಿಗೆ ಸರಿಸಿದ. “ಆದ್ರ ಒಂದ ಮಾತ ಕೇಳು. ಇದನ್ನ ನೀ ಬರದೀಯಂತ ಯಾರ ಮುಂದೂ ಅನಬ್ಯಾಡ. ನಿಮ್ಮಪ್ಪ ಭಾಳ ಸಿಟ್ಟಿನ ಮನುಷ್ಯಾ. ಗೊತ್ತಾದ್ರ ನಿನ್ನ ಸಾಲಿ ಬಿಡಸ್ತಾನ. ನಂದಂತೂ ಹೋತು, ನಿಂದ್ಯಾಕ ಹೋಗಬೇಕು? ನಾನೂ ನಿಮ್ಮನಿ ಕಡೆ ಬರೂದಿಲ್ಲ. ಬಂದ್ರ ಯಾಕ ಬಿಟ್ಟಿ, ಹೆಂಗ ಬಿಟ್ಟಿ ಅಂತ ಅವರು ಕೇಳ್ತಾರ, ನನಗ ಸುಳ್ಳ ಹೇಳಾಕ ಬರೂದಿಲ್ಲ.”

ಅವನ ಮೇಲೂ ನನಗೆ ಸಿಟ್ಟಿದೆ, ಇವತ್ತಿಗೂ ಇದೆ. ಆ ಸೇತುವೆಯ ಮೇಲೆ ನೂರು ಜನರ ಮುಂದೆ ಕಪಾಳಕ್ಕೆ ಬಾರಿಸಿದ್ದರೆ, ಬಾಯಿಗೆ ಬಂದಂತೆ ಬೈದಿದ್ದರೆ, ನಮ್ಮ ಮನೆಗೇ ಬಂದು ಅಪ್ಪನ ಮುಂದೆ ನನ್ನನ್ನು ನಿಲ್ಲಿಸಿ ಕೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಎಂಟು ವರ್ಷ ಊರವರೆಲ್ಲರ ಕುರ್ಚಿ ಹೊತ್ತು ಸಾಲದೆ ನನ್ನ ತಪ್ಪನ್ನೂ ತಾನೇ ಹೊತ್ತುಕೊಂಡು ಹೋಗಲು ಅವನಿಗೆ ಹೇಳಿದವರು ಯಾರು? ಆದರೆ ಅವತ್ತು ನಾನು ಇದ್ಯಾವುದನ್ನೂ ಹೇಳಲಿಲ್ಲ. “ಹೂಂ” ಎಂದೆ. ಅವನು ಮೂರನೆಯ ಪ್ಲಾಟ್‌ಫಾರ್ಮಿನ ಮೆಟ್ಟಿಲು ಇಳಿದು ಹೋದ.

ಎರಡು ಭಾನುವಾರ ಕಳೆದವು. ಮೂರನೆಯದಕ್ಕೆ ಅವ್ವ ಊಟ ಬಡಿಸುತ್ತಾ, “ಆ ಸಿಪಾಯಿ ಯಾಕೋ ಈ ಕಡೆ ಸುಳದ ಇಲ್ಲಲ್ಲ, ಹುಡುಗ್ರಿಗೆ ಆರಾಮ ಇಲ್ಲೇನೋ” ಎಂದಳು.

ಅಪ್ಪ ರೊಟ್ಟಿ ಮುರಿಯುತ್ತಾ, “ಕಾಲೇಜನ್ಯಾಗ ಏನೋ ಮೋಸ ಮಾಡಿ ಸಿಕ್ಕಬಿದ್ದು ನೌಕರಿ ಕಳಕೊಂಡಾನಂತ. ಗಾಡ್ಯಾಗ ಯಾರೋ ಅಂದ್ರು. ಇಷ್ಟ ದಿನ ನಮ್ಮನ್ಯಾಗ ಚಾ ಕುಡದು ನಮಗ ಒಂದ ಮಾತ ಹೇಳಲಿಲ್ಲ ನೋಡು. ಇಂಥವರನ್ನ ಇನ್ನ ಮನಿಯೊಳಗ ಕರಕೊಳ್ಳಬ್ಯಾಡ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಿನಗೇನರೆ ಗೊತ್ತಿತ್ತೇನ?” ಎಂದು ಕೇಳಿದರು.

ಇಲ್ಲಪ್ಪಾ ಎಂದೆ. ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ನಾನು ತಲೆ ಬಗ್ಗಿಸಿಕೊಂಡು ಊಟ ಮಾಡಿದೆ.